ತಜ್ಞರ ನಕ್ಷೆಯೂ ಗ್ರಾಮಸಭೆಯ ನಿರ್ಣಯವೂ: ಪಶ್ಚಿಮಘಟ್ಟದ ಎರಡು ವರದಿಗಳ ಹಿನ್ನೆಲೆಯಲ್ಲಿ ಒಂದು ವಿವರಣೆ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗೆ

ಸರ್ಕಾರದ ಮಹತ್ವದ ನೀತಿಗಳನ್ನು ವಿಷಯ ಬಲ್ಲ ತಜ್ಞರು ನಿರ್ಧರಿಸಬೇಕೇ, ಅಥವಾ ಅವುಗಳ ಫಲಾಫಲಗಳನ್ನು ಅನುಭವಿಸುವ ಸಾಮಾನ್ಯ ನಾಗರಿಕರು ನಿರ್ಧರಿಸಬೇಕೇ ಎಂಬ ಪ್ರಶ್ನೆ ಹಳೆಯದು. ಮಲೆನಾಡಿನ ಪಂಚಾಯಿತಿಗಳಲ್ಲಿ ಈ ಪ್ರಶ್ನೆ ಪುಸ್ತಕದ ಚರ್ಚೆಯಾಗಿ ಉಳಿದಿಲ್ಲ. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ಸದಸ್ಯರಿಂದ ಕೇಳಿಬರುವ ಮಾತು ಒಂದೇ: “ಅಧಿಸೂಚನೆ ಹೊರಡಿಸುವುದು ಕೇಂದ್ರ ಸರ್ಕಾರ, ನಕ್ಷೆ ಬರೆಯುವುದು ವಿಜ್ಞಾನಿಗಳು, ನಮ್ಮ ಠರಾವಿಗೆ ಬೆಲೆ ಏನು?” ಈ ಪ್ರಶ್ನೆಗೆ ಸಾಧ್ಯವಾದಷ್ಟು ನೇರವಾದ ಉತ್ತರವನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಕಾನೂನಿನ ಸ್ಥಿತಿ. ಪರಿಸರ ಸೂಕ್ಷ್ಮ ಪ್ರದೇಶವನ್ನು ಘೋಷಿಸುವ ಅಧಿಕಾರವು 1986ರ ಪರಿಸರ (ಸಂರಕ್ಷಣಾ) ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದೆ. ಕರಡು ಪ್ರಕಟವಾದ ಮೇಲೆ 60 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಅಥವಾ ಸಲಹೆ ಸಲ್ಲಿಸಬಹುದು. ಗ್ರಾಮಸಭೆಯ ನಿರ್ಣಯವು ಈ ಪ್ರಕ್ರಿಯೆಯಲ್ಲಿ ಅಂತಿಮ ತೀರ್ಪಲ್ಲ. ಆದರೆ ಅದು ಒಬ್ಬ ವ್ಯಕ್ತಿಯ ಪತ್ರಕ್ಕಿಂತ ಬಹಳ ಹೆಚ್ಚಿನದು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ನಂತರ ಗ್ರಾಮಸಭೆಯು 243ಎ ಅನುಚ್ಛೇದದಲ್ಲಿ ಹೆಸರಿಸಲ್ಪಟ್ಟ ಸಂಸ್ಥೆಯಾಗಿದೆ. ಕುಡಿಯುವ ನೀರು, ಸಾಮಾಜಿಕ ಅರಣ್ಯ, ಕಿರು ಅರಣ್ಯ ಉತ್ಪನ್ನ, ಜಲಾನಯನ ಅಭಿವೃದ್ಧಿ ಮೊದಲಾದವು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಲ್ಲಿವೆ.

ಎರಡು ಬಗೆಯ ಪ್ರಶ್ನೆಗಳು

ಚರ್ಚೆ ಹಲವು ವೇಳೆ ದಾರಿ ತಪ್ಪುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೆಂದು ಭಾವಿಸುವುದರಿಂದ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಎಷ್ಟು ಎಂಬುದನ್ನು ಕೈಯೆತ್ತಿ ತೀರ್ಮಾನಿಸಲಾಗದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ನೀರೂ ನೋಡಲು ತಿಳಿಯಾಗಿಯೇ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣಿಸಿಕೊಳ್ಳುವವರೆಗೆ, ಹಿರಿಯರ ಕೀಲುಗಳು ಬಿಗಿಯುವವರೆಗೆ ಅದು ತಿಳಿಯುತ್ತಿರಲಿಲ್ಲ. ಇಲ್ಲಿ ಪ್ರಯೋಗಾಲಯದ ವರದಿಯೇ ಪ್ರಮಾಣ. ಸಭೆಯ ಬಹುಮತದಿಂದ ನೀರು ಶುದ್ಧವಾಗುವುದಿಲ್ಲ.

ಆದರೆ ಶುದ್ಧೀಕರಣ ಘಟಕವನ್ನು ಊರಿನ ಯಾವ ಕೇರಿಯಲ್ಲಿ ನಿರ್ಮಿಸಬೇಕು, ಎಷ್ಟು ದರ ನಿಗದಿ ಮಾಡಬೇಕು, ಹಣ ಕೊಡಲಾಗದ ಮನೆಗಳಿಗೆ ಏನು ವ್ಯವಸ್ಥೆ, ದೂರದ ಮಜರೆಗೆ ನೀರು ಹೇಗೆ ತಲುಪಬೇಕು ಎಂಬ ಪ್ರಶ್ನೆಗಳಿಗೆ ಯಾವ ಪ್ರಯೋಗಾಲಯದಲ್ಲಿಯೂ ಉತ್ತರವಿಲ್ಲ. ಯಾರಿಗೆ ಲಾಭ, ಯಾರ ಮೇಲೆ ಹೊರೆ, ಯಾವುದು ನ್ಯಾಯ ಎಂಬ ಪ್ರಶ್ನೆಗಳು ಇವು. ರಸಾಯನಶಾಸ್ತ್ರದಲ್ಲಿ ಪಡೆದ ಪದವಿಯಿಂದ ಈ ವಿಷಯದಲ್ಲಿ ಒಬ್ಬರ ಮತಕ್ಕೆ ಎರಡು ಮತದ ತೂಕ ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ದೊಡ್ಡ ನೀತಿಗಳಲ್ಲಿ ಈ ಎರಡು ಬಗೆಯ ಪ್ರಶ್ನೆಗಳು ಅಷ್ಟು ಸುಲಭವಾಗಿ ಬೇರ್ಪಡುವುದಿಲ್ಲ. ವಾಸ್ತವದ ಪ್ರಶ್ನೆಯಲ್ಲಿಯೂ ಕೆಲವೊಮ್ಮೆ ತಜ್ಞರಿಗಿಂತ ಊರಿನವರೇ ಹೆಚ್ಚು ಬಲ್ಲವರಾಗಿರುತ್ತಾರೆ. ಅದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ.

ಬಿದಿರಿನ ಮುಳ್ಳು

1970ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕ್ಷೀಣಿಸುತ್ತಿತ್ತು. ಕಾಗದ ಕಾರ್ಖಾನೆಗೆ ಕಚ್ಚಾವಸ್ತು ಅದೇ. ಬುಟ್ಟಿ ಹೆಣೆಯುವವರ ಜೀವನೋಪಾಯವೂ ಅದೇ. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಕವಚವನ್ನು ಕಡಿದು ತೆಗೆದರೆ ಕಳಲೆಗೆ ಗಾಳಿ, ಜಾಗ ಸಿಕ್ಕಿ ಅದು ನೇರವಾಗಿ ಬೆಳೆಯುತ್ತದೆ ಎಂಬುದು ಅಂದಿನ ಅರಣ್ಯಶಾಸ್ತ್ರದ ನಿಲುವು. ಅದರಂತೆ ಮುಳ್ಳು ತೆಗೆಸುವ ಕೆಲಸ ನಡೆಯುತ್ತಿತ್ತು. ಊರಿನವರ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ಮುಳ್ಳು ಹೋದರೆ ದನಕರು, ಕಾಡುಪ್ರಾಣಿಗಳು ಎಳೆಯ ಕಳಲೆಯನ್ನು ತಿಂದುಹಾಕುತ್ತವೆ, ಆಮೇಲೆ ಮೆಳೆ ಉಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯವನ್ನು ಕಾಡಿನಲ್ಲಿಯೇ ಅಳೆದು ನೋಡಿದರು. ಊರಿನವರ ಮಾತೇ ಸರಿಯೆಂದು ಕಂಡುಬಂತು. ಮುಳ್ಳು ತೆಗೆದ ಮೆಳೆಗಳಲ್ಲಿ ಕಳಲೆ ಮೇವಿಗೆ ಬಲಿಯಾಗುತ್ತಿತ್ತು.

ಈ ಪ್ರಸಂಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಶಾಸ್ತ್ರದ ಹೆಸರಿನಲ್ಲಿ ನಡೆಯುತ್ತಿದ್ದ ಕೆಲಸ ತಪ್ಪಾಗಿತ್ತು. ದಿನವೂ ಕಾಡಿಗೆ ಹೋಗುವವರ ತಿಳುವಳಿಕೆ ಸರಿಯಾಗಿತ್ತು. ಆದರೆ ಊರಿನವರು ಹೇಳಿದರು ಎಂಬ ಕಾರಣಕ್ಕಾಗಿಯೇ ಆ ತಿಳುವಳಿಕೆಗೆ ಮನ್ನಣೆ ದೊರೆಯಲಿಲ್ಲ. ಒಬ್ಬ ವಿಜ್ಞಾನಿ ಅದನ್ನು ಕಿವಿಗೊಟ್ಟು ಕೇಳಿ, ಪರೀಕ್ಷಿಸಿ, ದಾಖಲಿಸಿದ ಮೇಲೆ ದೊರೆಯಿತು. ಸ್ಥಳೀಯ ಜ್ಞಾನವು ಪರೀಕ್ಷೆಗೆ ಅತೀತವೆಂದು ಸಾರುವುದು ಅದಕ್ಕೆ ಮಾಡುವ ಗೌರವವಲ್ಲ. ಪರೀಕ್ಷೆಗೆ ಯೋಗ್ಯವೆಂದು ಪರಿಗಣಿಸುವುದೇ ನಿಜವಾದ ಗೌರವ.

ಎರಡು ವರದಿಗಳು

ಇದೇ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಪರಿಸರ ಸಚಿವಾಲಯವು 2010ರ ಮಾರ್ಚ್‌ನಲ್ಲಿ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯನ್ನು ರಚಿಸಿತು. ಸಮಿತಿಯು 2011ರ ಆಗಸ್ಟ್ 31ರಂದು ವರದಿ ಸಲ್ಲಿಸಿತು. ಘಟ್ಟ ಪ್ರದೇಶವನ್ನು ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಂಕ ನೀಡಿ, ಇಡೀ ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ಗುರುತಿಸಲಾಯಿತು. ಒಂದು ಚೌಕವೆಂದರೆ 81 ಚದರ ಕಿ.ಮೀ., ಅಂದರೆ 8,100 ಹೆಕ್ಟೇರ್. ಮಲೆನಾಡಿನಲ್ಲಿ ಇಷ್ಟು ವಿಸ್ತಾರದಲ್ಲಿ ಹಲವು ಕಂದಾಯ ಗ್ರಾಮಗಳು, ಗದ್ದೆಬಯಲು, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾನು ಎಲ್ಲವೂ ಒಟ್ಟಿಗೆ ಸೇರಿಹೋಗುತ್ತವೆ. ಈ ಮಿತಿಯನ್ನು ಸಮಿತಿಯೇ ಬಲ್ಲದಾಗಿತ್ತು. ಆದ್ದರಿಂದ ತನ್ನ ವಲಯ ವಿಂಗಡಣೆ ಅಂತಿಮವಲ್ಲ, ವರದಿಯನ್ನು ಸ್ಥಳೀಯ ಭಾಷೆಗಳಲ್ಲಿ ಗ್ರಾಮಸಭೆಗಳ ಮುಂದಿಟ್ಟು ಅವುಗಳ ಅಭಿಪ್ರಾಯದಂತೆ ಗಡಿಗಳನ್ನು ಕೆಳಗಿನಿಂದ ಮೇಲಕ್ಕೆ ನಿಷ್ಕರ್ಷಿಸಬೇಕು ಎಂದು ಶಿಫಾರಸು ಮಾಡಿತು. ಹಳ್ಳಿಗಳ ಅಭಿಪ್ರಾಯ ಪಡೆದು ರೂಪಿಸಲಾಗಿದ್ದ ಗೋವಾದ 2021ರ ಪ್ರಾದೇಶಿಕ ಯೋಜನೆಯನ್ನು ಮಾದರಿಯಾಗಿ ಉಲ್ಲೇಖಿಸಿತು.

ಮುಂದೆ ನಡೆದುದು ಬೇರೆ. ವರದಿಯನ್ನು ಹಲವು ತಿಂಗಳು ಸಾರ್ವಜನಿಕಗೊಳಿಸಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು, ಇಷ್ಟೆಲ್ಲ ಆದ ಮೇಲೆ 2012ರ ಮೇ ತಿಂಗಳಿನಲ್ಲಿ ಅದು ಹೊರಬಂತು, ಅದೂ ಇಂಗ್ಲಿಷಿನಲ್ಲಿ. ಗ್ರಾಮಸಭೆಗಳು ಓದಬೇಕೆಂದು ಬರೆದ ವರದಿಯು ಗ್ರಾಮಸಭೆಗಳಿಗೆ ತಲುಪುವ ಮೊದಲೇ ಅದರ ಬಗೆಗಿನ ವದಂತಿಗಳು ತಲುಪಿದ್ದವು.

2012ರ ಆಗಸ್ಟ್‌ನಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಡಾ. ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಎರಡನೆಯ ಸಮಿತಿ ರಚನೆಯಾಗಿ, 2013ರ ಏಪ್ರಿಲ್ 15ರಂದು ವರದಿ ಸಲ್ಲಿಸಿತು. ಉಪಗ್ರಹ ಚಿತ್ರಗಳ ನೆರವಿನಿಂದ ಈ ಸಮಿತಿಯು 1,64,280 ಚದರ ಕಿ.ಮೀ. ಪ್ರದೇಶವನ್ನು ಪರಿಶೀಲಿಸಿ, ಸುಮಾರು 60 ಶೇಕಡಾ ಭಾಗವನ್ನು ಜನವಸತಿ, ಕೃಷಿ, ತೋಟಗಳಿರುವ ಸಾಂಸ್ಕೃತಿಕ ಭೂದೃಶ್ಯವೆಂದು ಹೊರಗಿಟ್ಟಿತು. ಒಟ್ಟು ಪ್ರದೇಶದ ಸುಮಾರು 37 ಶೇಕಡಾ ಭಾಗವನ್ನು ಮಾತ್ರ ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಇಲ್ಲಿ ಘಟಕ ಕಂದಾಯ ಗ್ರಾಮ. ಗ್ರಾಮದ ವಿಸ್ತೀರ್ಣದ 20 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವು ಪಟ್ಟಿಗೆ ಸೇರುತ್ತದೆ.

ಈ ವರದಿಯನ್ನು ಆಧರಿಸಿ 2014ರ ಮಾರ್ಚ್ 10ರಂದು ಮೊದಲ ಕರಡು ಅಧಿಸೂಚನೆ ಹೊರಟಿತು. ಅದು ಅಂತಿಮಗೊಳ್ಳದೆ ಅವಧಿ ಮುಗಿದಾಗ 2015, 2017, 2018, 2022ರಲ್ಲಿ ಮತ್ತೆ ಮತ್ತೆ ಹೊರಡಿಸಲಾಯಿತು. ಆರನೆಯ ಕರಡು 2024ರ ಜುಲೈ 31ರಂದು ಪ್ರಕಟವಾಯಿತು. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಪೈಕಿ ಕರ್ನಾಟಕದ ಪಾಲು 20,668 ಚದರ ಕಿ.ಮೀ.; ಇದು ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಹತ್ತು ಜಿಲ್ಲೆಗಳ 1,576 ಗ್ರಾಮಗಳು ಇದರಲ್ಲಿ ಸೇರಿದ್ದವು. ರಾಜ್ಯ ಸರ್ಕಾರವು ಕಸ್ತೂರಿರಂಗನ್ ವರದಿಯನ್ನು ಒಪ್ಪಿಕೊಂಡಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟವು ಅದನ್ನು ತಿರಸ್ಕರಿಸುವ ನಿಲುವನ್ನು ಪುನರುಚ್ಚರಿಸಿತು.

ನಕ್ಷೆ ಕಾಣದ ಸಂಗತಿಗಳು

ಉಪಗ್ರಹವು ಮೇಲಿನಿಂದ ಹಸಿರನ್ನು ಕಾಣುತ್ತದೆ. ಆ ಹಸಿರಿನ ಅಡಿಯಲ್ಲಿ ಏನಿದೆ ಎಂಬುದನ್ನು ನಿಶ್ಚಯಿಸಲು ಅನೇಕ ವೇಳೆ ಕೆಳಗೆ ನಿಂತೇ ನೋಡಬೇಕಾಗುತ್ತದೆ. ನೆರಳಿನ ಮರಗಳ ಅಡಿಯಲ್ಲಿ ಬೆಳೆದ ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟಗಳು ಕಾಡಿನೊಂದಿಗೆ ಸೇರಿಹೋಗಿವೆ ಎಂಬ ಆಕ್ಷೇಪವು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಂದ ಕೇಳಿಬಂತು. ಮತ್ತೊಂದು ವ್ಯಂಗ್ಯವೂ ಇಲ್ಲಿದೆ. ತಲೆಮಾರುಗಳಿಂದ ಮರ ಉಳಿಸಿಕೊಂಡು ಬಂದ ರೈತನ ಜಮೀನು ಸೂಕ್ಷ್ಮ ಪಟ್ಟಿಗೆ ಸೇರುತ್ತದೆ, ಮರ ಕಡಿದು ಬೋಳು ಮಾಡಿದವನ ಜಮೀನು ಹೊರಗುಳಿಯುತ್ತದೆ. ನಿಯಮವು ಒಳ್ಳೆಯ ನಡವಳಿಕೆಯನ್ನೇ ಹೊರೆಯಾಗಿಸಿದಂತೆ ಜನರಿಗೆ ತೋರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

20 ಶೇಕಡಾ ಎಂಬ ಸಂಖ್ಯೆಯನ್ನೂ ಸ್ವಲ್ಪ ನಿಂತು ನೋಡಬೇಕು. ಗ್ರಾಮದ ಯಾವ ಭಾಗದಲ್ಲಿ ಸಹಜ ಅರಣ್ಯವಿದೆ ಎಂಬುದು ವಿಜ್ಞಾನದ ಪ್ರಶ್ನೆ. ಐದನೆಯ ಒಂದು ಭಾಗ ಕಾಡಿದ್ದರೆ ಉಳಿದ ನಾಲ್ಕು ಭಾಗಕ್ಕೂ ನಿರ್ಬಂಧ ಅನ್ವಯವಾಗಬೇಕು ಎಂಬುದು ವಿಜ್ಞಾನದಿಂದ ತಾನಾಗಿ ಹೊರಬರುವ ಉತ್ತರವಲ್ಲ. ಅದನ್ನು 30 ಅಥವಾ 40 ಶೇಕಡಾ ಎಂದೂ ಇಡಬಹುದಿತ್ತು. ಗ್ರಾಮವನ್ನು ಬಿಟ್ಟು ಸರ್ವೆ ನಂಬರನ್ನೇ ಘಟಕವಾಗಿ ತೆಗೆದುಕೊಳ್ಳಬಹುದಿತ್ತು. ಆಡಳಿತದ ಅನುಕೂಲ, ಕಾಡಿನ ಅಖಂಡತೆ, ರೈತರ ಹಿತ ಇವುಗಳನ್ನು ತೂಗಿ ಮಾಡಿಕೊಂಡ ಆಯ್ಕೆ ಅದು. ಇಂತಹ ಆಯ್ಕೆಗಳು ತಾಂತ್ರಿಕ ಅನುಬಂಧದ ಒಳಗೆ ಸೇರಿಕೊಂಡಿರುತ್ತವೆ. ಓದುವವರಿಗೆ ಅವೂ ಅಳತೆಯಿಂದ ಬಂದ ಸಂಖ್ಯೆಗಳಂತೆಯೇ ಕಾಣುತ್ತವೆ. ಯಾವುದೇ ತಜ್ಞರ ವರದಿ ಸಭೆಯ ಮುಂದೆ ಬಂದಾಗ, “ಈ ಸಂಖ್ಯೆ ಅಳತೆಯಿಂದ ಬಂದುದೇ, ಆಯ್ಕೆಯಿಂದ ಬಂದುದೇ?” ಎಂದು ಕೇಳುವ ಹಕ್ಕು ಸದಸ್ಯರಿಗಿದೆ. ಅದಕ್ಕೆ ವಿಜ್ಞಾನದ ಪದವಿ ಬೇಕಾಗಿಲ್ಲ.

ಭಾಷೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆ ಪ್ರಕಟವಾದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ನಿರ್ದೇಶಿಸಿತು. ಓದಲು ಬಾರದ ಭಾಷೆಯಲ್ಲಿರುವ ಕರಡಿಗೆ ಆಕ್ಷೇಪಣೆ ಕೇಳುವುದು ಬರಿಯ ಶಾಸ್ತ್ರ.

ಗ್ರಾಮಸಭೆ ಕಾಣದ ಸಂಗತಿಗಳು

ಇನ್ನೊಂದು ಮಗ್ಗುಲನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕಾಗಿದೆ.

ಮಲೆನಾಡಿನ ಅನೇಕ ಗ್ರಾಮಸಭೆಗಳು ಕರಡನ್ನು ವಿರೋಧಿಸಿ ನಿರ್ಣಯ ಅಂಗೀಕರಿಸಿದವು. ಆ ಸಂದರ್ಭದಲ್ಲಿ ಹರಡಿದ್ದ ಮಾತುಗಳು ಹಲವು: ಜನರನ್ನು ಒಕ್ಕಲೆಬ್ಬಿಸುತ್ತಾರೆ, ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ದನ ಸಾಕುವಂತಿಲ್ಲ, ಮನೆ ರಿಪೇರಿ ಮಾಡಿಸುವಂತಿಲ್ಲ. ಕರಡನ್ನು ಓದಿದರೆ ಕಾಣುವುದು ಬೇರೆ. ಗಣಿಗಾರಿಕೆ, ಕಲ್ಲು ಮತ್ತು ಮರಳು ಗಣಿಗಾರಿಕೆಗೆ ಸಂಪೂರ್ಣ ನಿಷೇಧ. ಹೊಸ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗೆ ನಿಷೇಧ. ಹೆಚ್ಚು ಮಾಲಿನ್ಯ ಉಂಟುಮಾಡುವ ಕೆಂಪು ವರ್ಗದ ಹೊಸ ಕೈಗಾರಿಕೆಗಳಿಗೆ ನಿಷೇಧ. 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಹೊಸ ಕಟ್ಟಡ ಹಾಗೂ ಬೃಹತ್ ಬಡಾವಣೆಗಳಿಗೆ ನಿಷೇಧ. ಕೃಷಿ, ತೋಟಗಾರಿಕೆಗಳಿಗೆ ನಿಷೇಧವಿರಲಿಲ್ಲ. 20,000 ಚದರ ಮೀಟರ್ ಎಂದರೆ ಸುಮಾರು 2.15 ಲಕ್ಷ ಚದರ ಅಡಿ; ಅಷ್ಟು ದೊಡ್ಡ ಮನೆಯನ್ನು ನಮ್ಮ ಯಾವ ರೈತರೂ ಕಟ್ಟುವುದಿಲ್ಲ. ನಿರ್ಬಂಧಗಳು ಮುಂದೆ ಹೆಚ್ಚಾಗಬಹುದೆಂಬ, ಕೆಳಹಂತದ ಅಧಿಕಾರಿಗಳು ಅವನ್ನು ವಿಸ್ತರಿಸಿ ಕಿರುಕುಳ ಕೊಡಬಹುದೆಂಬ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾಗದು. ಬಗರ್ ಹುಕುಂ ಸಾಗುವಳಿದಾರರಿಗೆ ಆ ಅನುಭವವಿದೆ. ಆದರೆ ಆ ಭಯವನ್ನು ಅದೇ ಮಾತಿನಲ್ಲಿ ದಾಖಲಿಸುವುದು ಒಂದು, ಕರಡಿನಲ್ಲಿಲ್ಲದ ನಿಷೇಧವನ್ನು ವಿರೋಧಿಸಿ ಠರಾವು ಮಾಡುವುದು ಮತ್ತೊಂದು. ಎರಡನೆಯ ಬಗೆಯ ಠರಾವನ್ನು ಸಚಿವಾಲಯವು ಒಂದೇ ಸಾಲಿನಲ್ಲಿ ತಳ್ಳಿಹಾಕಬಲ್ಲದು.

ಅದಕ್ಕಿಂತ ಗಂಭೀರವಾದ ಪ್ರಶ್ನೆ: ಸಭೆಯಲ್ಲಿ ಯಾರಿದ್ದರು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಬಿ. ಆರ್. ಅಂಬೇಡ್ಕರ್ ಅವರು ಹಳ್ಳಿಯನ್ನೇ ರಾಜ್ಯಾಡಳಿತದ ಘಟಕವನ್ನಾಗಿ ಮಾಡಬೇಕೆಂಬ ವಾದವನ್ನು ಕಟುವಾಗಿ ವಿಮರ್ಶಿಸಿದರು. ಹಳ್ಳಿಯ ಒಳಗಿನ ಸಂಕುಚಿತತೆ, ಜಾತಿಯ ಮೇಲುಕೀಳು ಅವರ ಕಣ್ಣಮುಂದಿದ್ದವು. ಅದೇ ತಿಂಗಳು ಗ್ರಾಮ ಪಂಚಾಯಿತಿಗಳ ಸಂಘಟನೆಯನ್ನು ಕುರಿತ ಅನುಚ್ಛೇದವೂ (ಇಂದಿನ 40ನೆಯ ಅನುಚ್ಛೇದ) ಸೇರ್ಪಡೆಯಾಯಿತು ಎಂಬುದು ನಿಜ. ಆದರೆ ಅವರ ಎಚ್ಚರಿಕೆ ಇಂದಿಗೂ ಸಡಿಲವಾಗಿಲ್ಲ. ಎಸ್ಟೇಟ್ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರಲ್ಲಿ ಹಲವರ ಹೆಸರು ಆ ಗ್ರಾಮದ ಮತದಾರರ ಪಟ್ಟಿಯಲ್ಲಿಯೇ ಇರುವುದಿಲ್ಲ. ದಿನಗೂಲಿಯನ್ನು ಬಿಟ್ಟು ಹಗಲಿನ ಸಭೆಗೆ ಬರಲು ಮಹಿಳೆಯರಿಗೆ ಸುಲಭವಲ್ಲ. ಜಮೀನಿನ ಬೆಲೆ ಕುಸಿಯಬಹುದೆಂದು ಆತಂಕಪಡುವವರು ಸಭೆಯಲ್ಲಿ ಮಾತನಾಡುತ್ತಾರೆ. ಗುಡ್ಡದ ಬುಡದಲ್ಲಿ ಮಲಗುವವರ ದನಿ ಅಲ್ಲಿ ಕೇಳುವುದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿತು. ಎರಡು ವಾರಗಳ ನಂತರ, ಜುಲೈ 30ರ ನಸುಕಿನಲ್ಲಿ, ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದವು; ಮಡಿದವರಲ್ಲಿ ಚಹಾ ತೋಟದ ಕಾರ್ಮಿಕರ ಕುಟುಂಬಗಳು ಅನೇಕ. ಆರನೆಯ ಕರಡು ಅಧಿಸೂಚನೆ ಹೊರಬಿದ್ದುದು ಅದರ ಮರುದಿನ. ಈ ದುರಂತಗಳಿಗೆಲ್ಲ ಅಧಿಸೂಚನೆ ಜಾರಿಯಾಗದಿರುವುದೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಅತಿವೃಷ್ಟಿ, ಇಳಿಜಾರಿನ ಸ್ವರೂಪ, ರಸ್ತೆ ಹಾಗೂ ಕಟ್ಟಡಕ್ಕಾಗಿ ಗುಡ್ಡ ಅಗೆತ ಇವು ಸ್ಥಳದಿಂದ ಸ್ಥಳಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸೇರುತ್ತವೆ. ಯಾವ ಇಳಿಜಾರು ಎಷ್ಟು ಮಳೆಗೆ ಜಾರಬಹುದು ಎಂಬುದು ಭೂವಿಜ್ಞಾನಿಗಳು ಹೇಳಬೇಕಾದ ಮಾತು. ಅದನ್ನು ಕೇಳದೆ ಅಂಗೀಕರಿಸಿದ ನಿರ್ಣಯದ ಬೆಲೆಯನ್ನು ಸಭೆಗೆ ಬಾರದವರು ತೆರಬೇಕಾಗಬಹುದು.

ಘಟ್ಟದ ನೀರು ಕುಡಿಯುವವರು ಘಟ್ಟದಲ್ಲಿ ಮಾತ್ರ ಇಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು. ಕಾವೇರಿ, ತುಂಗಾ, ಭದ್ರಾ, ಮಲಪ್ರಭಾ ಹುಟ್ಟುವುದು ಈ ಬೆಟ್ಟಗಳಲ್ಲಿ. ಅವನ್ನು ನಂಬಿ ಭತ್ತ ನಾಟಿ ಮಾಡುವವರು ಮಂಡ್ಯದಲ್ಲಿಯೂ ದಾವಣಗೆರೆಯಲ್ಲಿಯೂ ಇದ್ದಾರೆ. ಅವರೂ ಸಾಮಾನ್ಯ ನಾಗರಿಕರೇ. ಆದರೆ ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು: ಬಯಲಿನವರ ನೀರಿಗಾಗಿ ಮಲೆನಾಡಿನ ಸಣ್ಣ ರೈತ ನಿರ್ಬಂಧವನ್ನು ಹೊರುವುದಾದರೆ ಅದರ ಪ್ರತಿಫಲವನ್ನು ಯಾರು ಕೊಡಬೇಕು? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿರುವುದೇ ವಿರೋಧದ ಬಹುಭಾಗಕ್ಕೆ ಕಾರಣವೆಂಬುದು ಈ ಲೇಖಕರ ಅಭಿಪ್ರಾಯ.

ಬೇರೆಡೆಯ ಎರಡು ನಿದರ್ಶನಗಳು

2009ರ ಅಕ್ಟೋಬರ್‌ನಲ್ಲಿ ತಜ್ಞರ ಅನುಮೋದನಾ ಸಮಿತಿಯು ಕುಲಾಂತರಿ ಬಿಟಿ ಬದನೆಯ ವಾಣಿಜ್ಯ ಕೃಷಿಗೆ ಒಪ್ಪಿಗೆ ನೀಡಿತ್ತು. ಅಂದಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅವರು ಆ ಒಪ್ಪಿಗೆಯನ್ನು ತಡೆಹಿಡಿದು ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನಗಳ ನಂತರ ತಡೆಯಾಜ್ಞೆ ಪ್ರಕಟವಾಯಿತು. ವಿಜ್ಞಾನಿಗಳಲ್ಲಿಯೇ ಏಕಾಭಿಪ್ರಾಯವಿಲ್ಲ, ಜನರಲ್ಲಿ ವಿಶ್ವಾಸವಿಲ್ಲ, ಅವಸರಪಡುವ ಅಗತ್ಯವೂ ಇಲ್ಲ ಎಂಬುದು ನೀಡಲಾದ ಕಾರಣಗಳ ಸಾರ. ನೆರೆಯ ಬಾಂಗ್ಲಾದೇಶವು ಅದೇ ಬೆಳೆಗೆ 2013ರಲ್ಲಿ ಅನುಮತಿ ನೀಡಿತು. ಅಲ್ಲಿ ಕೀಟನಾಶಕದ ಬಳಕೆ ತಗ್ಗಿತೆಂಬ ವರದಿಗಳನ್ನು ಮುಂದಿಟ್ಟು ಭಾರತ ಅವಕಾಶ ಕಳೆದುಕೊಂಡಿತೆಂದು ವಾದಿಸುವವರಿದ್ದಾರೆ. ಸಮಾಲೋಚನೆ ನಡೆಸಿದರೆ ತೀರ್ಮಾನ ಸರಿಯಾಗಿಯೇ ಇರುತ್ತದೆಂಬ ಖಾತರಿಯಿಲ್ಲ. ಆದರೆ ಸಚಿವರು ಸಮಾಲೋಚನೆಯ ವಿವರಗಳನ್ನೂ ತಮ್ಮ ಕಾರಣಗಳನ್ನೂ ಪ್ರಕಟಿಸಿದ್ದರಿಂದ, ಇಂದು ಆ ತೀರ್ಮಾನವನ್ನು ಒಪ್ಪದವರೂ ಅದು ಎಲ್ಲಿ ತಪ್ಪಿತೆಂದು ಬೊಟ್ಟುಮಾಡಿ ತೋರಿಸಬಲ್ಲರು.

ಒಡಿಶಾದ ನಿಯಮಗಿರಿಯ ಪ್ರಕರಣ ಇದಕ್ಕಿಂತ ನೇರವಾದುದು. ಬಾಕ್ಸೈಟ್ ಗಣಿಗಾರಿಕೆಯ ಪ್ರಸ್ತಾವದ ಬಗ್ಗೆ, ಅಲ್ಲಿನ ಬುಡಕಟ್ಟು ಜನರ ಅರಣ್ಯ ಹಕ್ಕು ಮತ್ತು ಧಾರ್ಮಿಕ ಹಕ್ಕುಗಳನ್ನು ಗ್ರಾಮಸಭೆಗಳೇ ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ಆದೇಶಿಸಿತು. ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ ಹನ್ನೆರಡು ಗ್ರಾಮಸಭೆಗಳು ನಡೆದು, ಹನ್ನೆರಡೂ ಗಣಿಗಾರಿಕೆಯನ್ನು ತಿರಸ್ಕರಿಸಿದವು. ಬೆಟ್ಟದಲ್ಲಿ ಎಷ್ಟು ಟನ್ ಅದಿರಿದೆ ಎಂಬ ಬಗ್ಗೆ ಅಲ್ಲಿ ಮತ ಹಾಕಲಿಲ್ಲ. ಆ ಬೆಟ್ಟ ತಮಗೆ ಏನು ಎಂಬುದನ್ನು ಡೋಂಗ್ರಿಯಾ ಕೊಂಧರು ಹೇಳಿದರು. ಅದನ್ನು ಅವರಿಗಿಂತ ಹೆಚ್ಚು ಬಲ್ಲ ತಜ್ಞರು ಯಾರೂ ಇರಲಿಲ್ಲ.

ಪಂಚಾಯಿತಿಯ ಮುಂದಿರುವ ಕೆಲಸ

ಕೇರಳದ ನಡೆಯನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕು. ಅಲ್ಲಿಯೂ 2013ರಲ್ಲಿ ತೀವ್ರ ವಿರೋಧ, ಹರತಾಳ ನಡೆದವು. ಆದರೆ ರಾಜ್ಯ ಸರ್ಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿ, ಸ್ಥಳ ಪರಿಶೀಲನೆ ನಡೆಸಿ, ಜನವಸತಿ ಮತ್ತು ತೋಟಗಳ ಗಡಿಗಳನ್ನು ಗುರುತಿಸಿ ಕೇಂದ್ರಕ್ಕೆ ದಾಖಲೆ ಸಲ್ಲಿಸಿತು. ಅದರ ಫಲವಾಗಿ ಕೇರಳದ ಸೂಕ್ಷ್ಮ ಪ್ರದೇಶವು 13,108 ಚದರ ಕಿ.ಮೀ.ಗಳಿಂದ 9,993.7 ಚದರ ಕಿ.ಮೀ.ಗೆ ಇಳಿಯಿತು, ಕರಡು ಅಧಿಸೂಚನೆಯಲ್ಲಿಯೇ ಈ ಬದಲಾವಣೆ ಸೇರಿತು. ಕರ್ನಾಟಕದ 20,668 ಎಂಬ ಸಂಖ್ಯೆ ಕರಡುಗಳಲ್ಲಿ ಹಾಗೆಯೇ ಉಳಿಯಿತು. ಇಡೀ ವರದಿ ಬೇಡ ಎಂಬ ಮಾತಿಗೆ ನಕ್ಷೆಯಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೆರೆ ಎಲ್ಲಿ ತಪ್ಪಾಗಿದೆ ಎಂದು ತೋರಿಸಿದ ಮಾತಿಗೆ ಮೂರು ಸಾವಿರಕ್ಕೂ ಹೆಚ್ಚು ಚದರ ಕಿ.ಮೀ. ಅಲುಗಿತು. ಕೇರಳದ ಪರಿಷ್ಕರಣೆಯೆಲ್ಲವೂ ಸರಿಯಾಗಿತ್ತೆಂದು ಇದರ ಅರ್ಥವಲ್ಲ, ವಯನಾಡಿನ ನಂತರ ಆ ಬಗ್ಗೆಯೂ ಪ್ರಶ್ನೆಗಳೆದ್ದಿವೆ. ಯಾವ ಬಗೆಯ ಮಾತು ಕಡತದಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಇಲ್ಲಿನ ಪ್ರಸ್ತಾಪ.

ಆದ್ದರಿಂದ ಪಟ್ಟಿಯಲ್ಲಿರುವ ಗ್ರಾಮಗಳ ಪಂಚಾಯಿತಿಗಳು ಮೊದಲು ಗಮನಿಸಬೇಕಾದುದು ಘಟಕವನ್ನು. ಪಟ್ಟಿಯಲ್ಲಿರುವುದು ಕಂದಾಯ ಗ್ರಾಮ, ಗ್ರಾಮ ಪಂಚಾಯಿತಿಯಲ್ಲ. ಒಂದು ಪಂಚಾಯಿತಿಯ ಆರು ಗ್ರಾಮಗಳಲ್ಲಿ ಎರಡು ಮಾತ್ರ ಸೇರಿರಬಹುದು. ಇಡೀ ಪಂಚಾಯಿತಿಯ ಹೆಸರಿನಲ್ಲಿ ಒಂದೇ ಠರಾವು ಕಳುಹಿಸಿದರೆ ಅದನ್ನು ಯಾವ ಗ್ರಾಮಕ್ಕೆ ಹೊಂದಿಸಬೇಕೆಂಬುದೇ ಅಸ್ಪಷ್ಟವಾಗುತ್ತದೆ. ಗ್ರಾಮವಾರು ಪಹಣಿಯ ಆಧಾರದಲ್ಲಿ ಸರ್ವೆ ನಂಬರುಗಳನ್ನು ಹಿಡಿದು, ಯಾವುದು ಅರಣ್ಯ, ಯಾವುದು ಸೊಪ್ಪಿನ ಬೆಟ್ಟ ಅಥವಾ ಬಾಣೆ, ಯಾವುದು ತೋಟ, ಯಾವುದು ಗೋಮಾಳ, ಎಲ್ಲಿ ಮನೆಗಳಿವೆ ಎಂಬ ತಃಖ್ತೆಯನ್ನು ಗ್ರಾಮ ಆಡಳಿತ ಅಧಿಕಾರಿಯ ನೆರವಿನಿಂದ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಮಳೆಗಾಲದಲ್ಲಿ ಹಿಂದೆ ಎಲ್ಲಿ ಬಿರುಕು ಬಿಟ್ಟಿತ್ತು, ಯಾವ ಒರತೆ ದಿಕ್ಕು ಬದಲಿಸಿತು, ಯಾವ ಗುಡ್ಡ ಅಗೆದ ಮೇಲೆ ಮಣ್ಣು ಜಾರಲಾರಂಭಿಸಿತು ಎಂಬುದನ್ನು ಹಿರಿಯರಿಂದ, ತೋಟದ ಕಾರ್ಮಿಕರಿಂದ ಕೇಳಿ ಬರೆದಿಡಬೇಕು. ಈ ಮಾಹಿತಿ ಯಾವ ಉಪಗ್ರಹ ಚಿತ್ರದಲ್ಲಿಯೂ ಸಿಗುವುದಿಲ್ಲ.

ಇದಕ್ಕೆ ಹೊಸ ಸಮಿತಿಯ ಅಗತ್ಯವಿಲ್ಲ. 2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಅದು ಸಿದ್ಧಪಡಿಸಬೇಕು. ಅನೇಕ ಕಡೆ ಈ ಸಮಿತಿ ಕಾಗದದ ಮೇಲಿದೆ, ದಾಖಲಾತಿಯ ಪುಸ್ತಕ ಬೀರುವಿನಲ್ಲಿದೆ. ಅದನ್ನು ಹೊರತೆಗೆದು ಮೇಲಿನ ತಃಖ್ತೆಯನ್ನು ಅದರೊಂದಿಗೆ ಸೇರಿಸಿದರೆ, ಮುಂದಿನ ಕರಡಿಗೆ 60 ದಿನಗಳ ಗಡುವು ಆರಂಭವಾದಾಗ ಪಂಚಾಯಿತಿ ಬರಿಗೈಯಲ್ಲಿ ಇರುವುದಿಲ್ಲ.

ನಿರ್ಣಯದ ನಡವಳಿಯಲ್ಲಿ ಕರಡಿನ ಯಾವ ಕಂಡಿಕೆಯನ್ನು ಓದಿ ಹೇಳಲಾಯಿತು, ಹಾಜರಿದ್ದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೂಲಿ ಕಾರ್ಮಿಕರ ಸಂಖ್ಯೆ ಎಷ್ಟು, ಒಪ್ಪದವರು ಏನು ಹೇಳಿದರು ಎಂಬುದು ದಾಖಲಾಗಿರಬೇಕು. ಲೈನ್ ಮನೆಗಳಿರುವ ವಾರ್ಡ್‌ಗಳಲ್ಲಿ ವಾರ್ಡ್ ಸಭೆಯನ್ನು ಕೆಲಸದ ವೇಳೆ ಮುಗಿದ ಮೇಲೆ, ಸಂಜೆ, ಅಲ್ಲಿಯೇ ನಡೆಸಿದರೆ ಹಾಜರಾತಿ ಬೇರೆಯೇ ಆಗಿರುತ್ತದೆ. ಗ್ರಾಮಕ್ಕೆ ಯಾವ ನಿರ್ಬಂಧ ಒಪ್ಪಿಗೆ, ಯಾವುದು ಒಪ್ಪಿಗೆಯಿಲ್ಲ, ಯಾವುದು ಪರಿಹಾರ ದೊರೆತರೆ ಒಪ್ಪಿಗೆ ಎಂದು ಬಿಡಿಬಿಡಿಯಾಗಿ ಬರೆಯಲು ಅಡ್ಡಿಯಿಲ್ಲ. ಕಲ್ಲುಕ್ವಾರಿ ನಿಷೇಧಕ್ಕೆ ಸಮ್ಮತಿಸಿ, ತೋಟದ ಸರ್ವೆ ನಂಬರುಗಳನ್ನು ಹೊರಗಿಡಲು ಕೋರುವ ನಿರ್ಣಯವೂ ನಿರ್ಣಯವೇ. ಅದರ ಪ್ರತಿಯನ್ನು ತಃಖ್ತೆ ಮತ್ತು ಗ್ರಾಮ ನಕ್ಷೆಯೊಂದಿಗೆ ಲಗತ್ತಿಸಿ, ತಾಲ್ಲೂಕು ಪಂಚಾಯತ್ ಮುಖಾಂತರ ಜಿಲ್ಲಾ ಪಂಚಾಯತ್‌ಗೆ ಕಳುಹಿಸುವುದರ ಜೊತೆಗೆ, ಗಡುವಿನೊಳಗೆ ನೇರವಾಗಿ ಕೇಂದ್ರ ಸಚಿವಾಲಯಕ್ಕೂ ಸಲ್ಲಿಸಿ ಸ್ವೀಕೃತಿಯನ್ನು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.